ತೊಡೆಯ ಮೇಲಿನ ಗಿಟುಕು

ಅಜ್ಜಿ ಅದನ್ನು ಕೊನೆಯವರೆಗೂ ಗಿಟುಕು ಅಂತಲೇ ಕರೆದಳು. ನಮ್ಮ ಸೀಮೆಯವರಲ್ಲದವರಿಗೆ ಹೇಳಬೇಕು: ಗಿಟುಕು ಅಂದರೆ ಉಂಡೆ ಕೊಬ್ಬರಿ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ತಿಂಗಳೋ ವರ್ಷವೋ ಅದರ ಪಾಡಿಗೆ ಬಿಟ್ಟರೆ ಒಳಗಿನ ನೀರು ಇಂಗುತ್ತದೆ, ತಿರುಳು ಚಿಪ್ಪಿನಿಂದ ಕಳಚಿಕೊಂಡು ಇಡೀ ಉಂಡೆಯಾಗಿ ನಿಲ್ಲುತ್ತದೆ. ಆಯಿತೋ ಇಲ್ಲವೋ ಅಂತ ಯಾರೂ ಒಡೆದು ನೋಡುವುದಿಲ್ಲ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗುಳುಗುಳು ಅಂದರೆ ವಾಪಸ್ಸು ಅಟ್ಟಕ್ಕೆ; ಗಡಗಡ ಅಂದರೆ ಸುಲಿಯಲು ಸಿದ್ಧ.

ನಾನು ಕಾಲೇಜಿನಲ್ಲಿದ್ದಾಗ ಒಂದು ಬೇಸಿಗೆ ಅಟ್ಟ ಖಾಲಿ ಮಾಡುತ್ತಿದ್ದೆವು. ಮೂಲೆಯಲ್ಲಿ ಕಾಯಿಗಳ ಅಡಿ ಒಂದು ಗೋಣಿಚೀಲ. ಅದರೊಳಗೆ ಚಪ್ಪಟೆಯಾದ, ಮೊಳ ಎರಡರಷ್ಟು ಉದ್ದದ, ಕೆಂಪು ಬಣ್ಣ ಹೊಡೆದ ಮರದ ವಸ್ತು. ತಂತಿಗಳು ತುಕ್ಕು ಹಿಡಿದು ಸುರುಳಿಯಾಗಿದ್ದವು. ಇಲಿಗಳು ಅದರ ಚರ್ಮದ ಪಟ್ಟಿಯನ್ನು ಪೂರ್ತಿ ತಿಂದು ಮರವನ್ನು ಮೂಸಿ ಬಿಟ್ಟಿದ್ದವು. ಕೆಳಗೆ ನಿಂತಿದ್ದ ಅಜ್ಜಿಯ ಕೈಗೆ ಇಳಿಸಿದೆ. ಅವಳು ಅಭ್ಯಾಸಬಲದಿಂದ ಅದನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಒಳಗೆ ಏನೋ ಗಡಗಡ ಅಂತು.

‘ಆಗೈತೆ ಕಣ್ಲಾ ಮಗ, ಒಡೀಬೌದು’ ಅಂದಳು.

ಒಳಗೆ ಕಳಚಿ ಬಿದ್ದಿದ್ದದ್ದು ವಾಲ್ಯೂಮ್ ಗುಂಡಿಯ ನಟ್ಟು. ವಸ್ತು ಚಿಕ್ಕಪ್ಪನ ಎಲೆಕ್ಟ್ರಿಕ್ ಹವಾಯಿಯನ್ ಗಿಟಾರು. ವಾಯುಪಡೆಯಲ್ಲಿದ್ದ ಚಿಕ್ಕಪ್ಪ ಎಪ್ಪತ್ತರ ದಶಕದಲ್ಲಿ ಬಂಗಾಳದ ಕಡೆ ಪೋಸ್ಟಿಂಗ್ ಆಗಿದ್ದಾಗ ಕಲ್ಕತ್ತೆಯಲ್ಲಿ ಕೊಂಡು, ಮೂರು ರೈಲು ಬದಲಿಸಿ ತಿಪಟೂರು ಸ್ಟೇಷನ್ನಿನಲ್ಲಿ ಇಳಿಸಿದ್ದ. ತಿಂಗಳ ಸಂಬಳ ಪೂರ್ತಿ ಅದಕ್ಕೇ ಹೋಯಿತು ಅನ್ನುವುದು ಅಜ್ಜಿಯ ತಕರಾರು. ರಜೆಯಲ್ಲಿ ಬಂದಾಗ ಗಣಪತಿ ಪೆಂಡಾಲಿನಲ್ಲಿ, ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಅದನ್ನು ಮೈಕ್‌ಸೆಟ್ಟಿನವನ ಅಹುಜಾ ಆಂಪ್ಲಿಫೈಯರಿಗೆ ಚುಚ್ಚಿ ಸಿನಿಮಾ ಹಾಡು ನುಡಿಸುತ್ತಿದ್ದನಂತೆ. ಆಮೇಲೆ ಕ್ಯಾಸಿಯೋ ಕೀಬೋರ್ಡು ಬಂತು. ಒಬ್ಬನೇ ಕೂತು ಕೊಳಲು, ಪಿಟೀಲು, ತಬಲ ಎಲ್ಲಾ ಒತ್ತಬಹುದಾದ ಮೇಲೆ ಗಿಟಾರಿನವನಿಗೆ ಬಾಡಿಗೆ ಕೊಡುವವರು ಯಾರು? ಗಿಟಾರು ಅಟ್ಟ ಸೇರಿತು. ಮಾರುತ್ತೇನೆ ಅಂದರೂ ಆಗ ಕೇಳುವವರಿರಲಿಲ್ಲ.

ನನಗೆ ಹುಚ್ಚು ಹತ್ತಿದ್ದು ಹೀಗೆ. ಇವತ್ತಿಗೂ ಇಳಿದಿಲ್ಲ.

ಇದರ ಹೆಸರೇ ಒಂದು ತೊಡಕು. ಸ್ಟೀಲ್ ಗಿಟಾರು ಅಂದರೆ ‘ಸ್ಟೀಲಾ? ಹಂಗಾದ್ರೆ ತುಕ್ಕು ಹಿಡಿಯಲ್ಲ ಬಿಡಿ’ ಅನ್ನುತ್ತಾರೆ, ಪಾತ್ರೆ ಅಂಗಡಿಯ ನೆನಪಿನಲ್ಲಿ. ಗಿಟಾರು ಸ್ಟೀಲಿನದಲ್ಲ, ಎಡಗೈಯಲ್ಲಿ ಹಿಡಿಯುವ ತುಂಡು ಸ್ಟೀಲಿನದು. ವಾದ್ಯವನ್ನು ಮಗುವಿನ ಹಾಗೆ ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಯನ್ನು ಬೆರಳಿನಿಂದ ಒತ್ತದೆ, ಆ ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುತ್ತಾ ಹೋಗಬೇಕು. ಕರ್ನಾಟಕ ಸಂಗೀತದವರಿಗೆ ಈ ಜಾರು ಹೊಸದೇನಲ್ಲ. ಗೋಟುವಾದ್ಯ, ಅಂದರೆ ಈಗಿನ ಚಿತ್ರವೀಣೆ, ನುಡಿಯುವುದು ಹೀಗೆಯೇ. ಅದನ್ನು ಲೋಕವೆಲ್ಲ ಸುತ್ತಿಸಿದ ರವಿಕಿರಣ್ ಹುಟ್ಟಿದ್ದು 1967ರಲ್ಲಿ, ನಮ್ಮ ಮೈಸೂರಿನಲ್ಲಿ.

ಹವಾಯಿಯವರು ಹೇಳುವ ಕಥೆ ಬೇರೆ. 1874ರಲ್ಲಿ ಲಾಯೆ ಎಂಬ ಊರಿನಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಎಂಬ ಹುಡುಗ ಶಾಲೆಗೆ ಹೋಗುವ ವಯಸ್ಸಿನಲ್ಲಿ ಗಿಟಾರಿನ ತಂತಿಯ ಮೇಲೆ ಕಬ್ಬಿಣದ ಚೂರು ಜಾರಿಸಿ ಈ ನಾದ ಕಂಡುಕೊಂಡನಂತೆ. ಆದರೆ ಅದೇ ದ್ವೀಪದಲ್ಲಿ ಇನ್ನೊಂದು ಕಥೆಯೂ ಇದೆ. ಗೇಬ್ರಿಯಲ್ ಡೇವಿಯನ್ ಎಂಬ, ಇಂಡಿಯಾದಲ್ಲಿ ಹುಟ್ಟಿದ ಹುಡುಗನನ್ನು ಹಡಗಿನ ಕಪ್ತಾನನೊಬ್ಬ ಎತ್ತಿಕೊಂಡು ಹೋಗಿ ಹೊನೊಲುಲು ಮುಟ್ಟಿಸಿದನೆಂದೂ, ಜಾರಿಸಿ ನುಡಿಸುವುದನ್ನು ಅವನೇ ಮೊದಲು ಅಲ್ಲಿ ತೋರಿಸಿದನೆಂದೂ ಆ ಕಥೆ. ಎರಡರಲ್ಲಿ ಯಾವುದು ದಿಟವೋ. ನಾನಂತೂ ಯಾವ ಪುರಾವೆಯೂ ಇಲ್ಲದೆ ಡೇವಿಯನ್ ಪಾರ್ಟಿ.

ಚಿಕ್ಕಪ್ಪನ ಹತ್ತಿರ ನಾಲ್ಕಾರು ರೆಕಾರ್ಡುಗಳೂ ಇದ್ದವು. ಅದರಲ್ಲೊಂದು ಹವಾಯಿ ಸಂಗೀತದ್ದು. ಹೊದಿಕೆಯ ಮೇಲೆ ಸಮುದ್ರದ ದಂಡೆ, ವಾಲಿಕೊಂಡ ಒಂದು ತೆಂಗಿನ ಮರ. ತಾತ ಅದನ್ನು ಕನ್ನಡಕ ಹಾಕಿಕೊಂಡು ನೋಡಿ, ‘ಮರ ಸೊರಗೈತೆ, ಬುಡಕ್ಕೆ ಗೊಬ್ಬರಾನೇ ಕಂಡಿಲ್ಲ’ ಅಂದು ವಾಪಸ್ಸು ಕೊಟ್ಟರಂತೆ. ಸಂಗೀತದ ಬಗ್ಗೆ ಅವರದು ಅಭಿಪ್ರಾಯವಿರಲಿಲ್ಲ.

ಈ ವಾದ್ಯ ಕಲ್ಕತ್ತೆಗೆ ಬಂದದ್ದೂ ಲಾಯೆಯಿಂದಲೇ ಅನ್ನಬಹುದು. ಅಲ್ಲೇ ಬೆಳೆದ ಟಾವ್ ಮೊಯ್ ಎಂಬಾತ ಹೆಂಡತಿ ಮಕ್ಕಳ ಸಮೇತ ದೇಶದೇಶ ಸುತ್ತುತ್ತಾ ನುಡಿಸುತ್ತಿದ್ದವನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಕತ್ತೆಯಲ್ಲಿ ಉಳಿದ. ಅಲ್ಲಿಂದ ಬಂಗಾಳಿಗಳಿಗೆ ಹಿಡಿದ ಗುಂಗು ದೊಡ್ಡದು. ಬಟುಕ್ ನಂದಿ ರವೀಂದ್ರ ಸಂಗೀತ ನುಡಿಸಿದರು. ಸುನಿಲ್ ಗಂಗೂಲಿ ಹಿಂದಿ ಸಿನಿಮಾ ಹಾಡುಗಳನ್ನು ನುಡಿಸಿ ತೆಗೆದ ಎಚ್‌ಎಂವಿ ರೆಕಾರ್ಡುಗಳು ದೇಶವಿಡೀ ಹರಡಿದವು. ಮುಂಬಯಿಯಲ್ಲಿ ವಾನ್ ಶಿಪ್ಲಿ, ಹಜಾರಾ ಸಿಂಗ್. ನನ್ನ ಬಾಲ್ಯದ ರೇಡಿಯೋದಲ್ಲಿ ಎರಡು ಕಾರ್ಯಕ್ರಮಗಳ ನಡುವೆ ಎರಡು ನಿಮಿಷ ಉಳಿದರೆ ತುಂಬುತ್ತಿದ್ದದ್ದು ಇದೇ ನಾದ, ಮಾತಿಲ್ಲದ ಹಾಡು. ಹಾಡಿದವರ ಹೆಸರು ಹೇಳುತ್ತಿದ್ದರು, ನುಡಿಸಿದವರ ಹೆಸರು ಹೇಳುವಷ್ಟರಲ್ಲಿ ವಾರ್ತೆಯ ಹೊತ್ತಾಗುತ್ತಿತ್ತು. ಕಲ್ಕತ್ತೆಯಲ್ಲಿ ಗಿಟಾರು ಮಾಡುವವರೂ ಹುಟ್ಟಿಕೊಂಡರು. ಅಮೆರಿಕದ ಗಿಬ್ಸನ್ ಹೆಸರಿನ ಒಂದಕ್ಷರ ತಿದ್ದಿ ‘ಗಿವ್ಸನ್’ ಅಂತ ಅಚ್ಚು ಹಾಕಿದ ಬ್ರಾಂಡಿನ ಧೈರ್ಯಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಚಿಕ್ಕಪ್ಪನ ಗಿಟಾರಿನ ಲೇಬಲ್ಲು ಉದುರಿಹೋಗಿದೆ. ಅಂಟಿನ ಕಲೆ ಮಾತ್ರ ಉಳಿದಿದೆ.

ಅದನ್ನು ನುಡಿಯುವ ಸ್ಥಿತಿಗೆ ತಂದದ್ದು ತಿಪಟೂರಿನ ಇಬ್ಬರು. ರೇಡಿಯೋ ರಿಪೇರಿಯವರೊಬ್ಬರು ಒಳಗಿನ ವೈರು ಬೆಸೆದರು. ಚಿಕ್ಕಪ್ಪನ ಉಕ್ಕಿನ ತುಂಡು ಕಳೆದುಹೋಗಿತ್ತು. ಅದಕ್ಕೆ ಲೇತ್ ಅಂಗಡಿಯವರು ಸಿಕ್ಕರು. ಬೋರ್‌ವೆಲ್ ಮೋಟಾರಿನ ಸ್ಟೇನ್‌ಲೆಸ್ ಶಾಫ್ಟು ಸವೆದು ಮೂಲೆಯಲ್ಲಿ ಬಿದ್ದಿತ್ತು. ಅದರಿಂದ ಬೆರಳುದ್ದದ ತುಂಡು ಕತ್ತರಿಸಿ, ಒಂದು ತುದಿ ಗುಂಡಗೆ ಕಡೆದು, ಕನ್ನಡಿಯ ಹಾಗೆ ಉಜ್ಜಿ ಕೊಟ್ಟರು. ಅರವತ್ತು ರೂಪಾಯಿ. ಯಾತಕ್ಕೆ ಅಂತ ಕೇಳಿದರು, ಹೇಳಿದೆ, ನಂಬಲಿಲ್ಲ. ಇನ್ನೂರು ಗ್ರಾಂ ತೂಗುವ ಆ ತುಂಡು ಮುನ್ನೂರು ಅಡಿ ಆಳದಲ್ಲಿ ನೀರೆತ್ತುತ್ತಿದ್ದದ್ದು. ನನ್ನ ಕೈಯಲ್ಲಿ ಮೋಹನ ಎತ್ತುತ್ತದೆ ಎಂದು ನಾನೂ ನಂಬಿರಲಿಲ್ಲ.

ಮೋಹನ ಅಂದದ್ದು ಸುಮ್ಮನೆ ಅಲ್ಲ. ಈ ವಾದ್ಯದಲ್ಲಿ ತಂತಿಗಳನ್ನೇ ಒಂದು ಕಟ್ಟಿಗೆ ಕೂಡಿಸಿ ಇಟ್ಟಿರುತ್ತಾರೆ. ಹಳೆಯ ಕಟ್ಟು ಸ-ಪ-ಸ-ಗ-ಪ-ಸ. ಇನ್ನೊಂದಕ್ಕೆ ಸಿ ಸಿಕ್ಸ್ತ್ ಅನ್ನುತ್ತಾರೆ. ಬಿಡಿಸಿ ನೋಡಿದರೆ ಸ, ಗ, ಪ, ದ. ಮೋಹನದಿಂದ ರಿಷಭ ತೆಗೆದರೆ ಉಳಿಯುವ ಸ್ವರಗಳು. ಹವಾಯಿಯ ಬೆಳದಿಂಗಳ ಹಾಡುಗಳೆಲ್ಲ ನಮಗೆ ಎಲ್ಲೋ ಕೇಳಿದಂತೆ ಅನ್ನಿಸುವುದರ ಗುಟ್ಟು ಇದೇ ಇರಬೇಕು.

ಕಲಿಯಲು ಸುಲಭ ಅಂದವರು ಸುಳ್ಳುಗಾರರು. ಕೊರಳಿನ ಮೇಲೆ ಗೆರೆಗಳಿವೆ, ಮೆಟ್ಟಿಲುಗಳಿಲ್ಲ. ತುಂಡು ಗೆರೆಯ ನೆತ್ತಿಯ ಮೇಲೇ ನಿಲ್ಲಬೇಕು. ಕೂದಲೆಳೆ ಆಚೆಯಾದರೂ ಅಪಶ್ರುತಿ. ಮೇಲಿನಿಂದ ಬಗ್ಗಿ ನೋಡುವ ಕಣ್ಣು ಓರೆಯಾಗಿ ಮೋಸ ಮಾಡುತ್ತದೆ, ಹಾಗಾಗಿ ಕೊನೆಗೆ ಕಿವಿಯೇ ಗತಿ. ತುಂಡಿನ ಹಿಂದೆ ಉಳಿದ ಬೆರಳುಗಳನ್ನು ತಂತಿಗೆ ಸವರಿಕೊಂಡೇ ಎಳೆಯಬೇಕು, ಇಲ್ಲದಿದ್ದರೆ ಹಿಂದಿನ ತಂತಿಯೂ ಕಿರುಗುಟ್ಟಿ ಎರಡು ಹಾಡು ಒಟ್ಟಿಗೆ ನುಡಿದ ಹಾಗಾಗುತ್ತದೆ. ಮೊದಲ ಆರು ತಿಂಗಳು ನನ್ನ ನಾದ ಕೇಳಿ ಕೊಟ್ಟಿಗೆಯ ಹಸು ತಲೆಯೆತ್ತಿ ನೋಡುತ್ತಿತ್ತು. ಏಳನೆಯ ತಿಂಗಳು ನೋಡುವುದನ್ನು ಬಿಟ್ಟಿತು. ಅದನ್ನೇ ನಾನು ಸರ್ಟಿಫಿಕೇಟು ಅಂದುಕೊಂಡೆ.

ಸಿಕ್ಕಿದ ದಿನ ಮಾತ್ರ ಹೇಳತೀರದು. ಷಡ್ಜದಿಂದ ಗಾಂಧಾರಕ್ಕೆ ಏರುವಾಗ ನಡುವೆ ಇರುವ ಹೆಸರಿಲ್ಲದ ಸ್ವರಗಳನ್ನೆಲ್ಲ ಒರಸಿಕೊಂಡು ಹೋಗುವ ಆ ಒಂದು ಎಳೆತ, ಮುಟ್ಟಿದ ಮೇಲೂ ಮಣಿಕಟ್ಟಿನ ಸಣ್ಣ ತೂಗಾಟದಲ್ಲಿ ಅದು ನಡುಗುತ್ತಾ ನಿಲ್ಲುವ ಬಗೆ. ಕಂಠಕ್ಕೆ ಇಷ್ಟು ಹತ್ತಿರ ಬರುವ ವಾದ್ಯ ಪಿಟೀಲು ಬಿಟ್ಟರೆ ಇನ್ನೊಂದಿಲ್ಲ ಅಂತ ನನ್ನ ಹಟ. ಅಂಗಳದಲ್ಲಿ ತೆಂಗಿನ ಗರಿ ಗಾಳಿಗೆ ಸರಸರ ಅನ್ನುವಾಗ ನುಡಿಸಿದರೆ ಎರಡಕ್ಕೂ ಒಪ್ಪುತ್ತದೆ.

ಈಗ ಬೆಲೆಯ ವಿಚಾರ. ತಿಪಟೂರಿನವನು ಎಷ್ಟು ಹೊತ್ತು ರೇಟಿನ ಮಾತೆತ್ತದೆ ಇದ್ದಾನು?

ಅಮೆರಿಕದಲ್ಲಿರುವ ಅಕ್ಕನ ಮಗ 2023ರಲ್ಲಿ ಊರಿಗೆ ಬರುವಾಗ ನನಗಾಗಿ ಒಂದು ಹಳೆಯ ಸುಪ್ರೊ ಲ್ಯಾಪ್ ಸ್ಟೀಲ್, ಅಂದರೆ ತೊಡೆಯ ಮೇಲಿನ ಸ್ಟೀಲ್ ಗಿಟಾರು, ತಂದ. ಷಿಕಾಗೋದ ವಾಲ್ಕೋ ಕಂಪನಿಯ ತಯಾರಿಕೆ, ಐವತ್ತರ ದಶಕದ್ದು. ಮೈಗೆಲ್ಲ ಮುತ್ತಿನ ಹೊಳಪಿನ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದಾರೆ. ಅಲ್ಲಿನ ವಾದಕರು ಈ ಹಾಳೆಯನ್ನು ಕಕ್ಕಸಿನ ಸೀಟಿಗೆ ಹೋಲಿಸಿ ನಗುತ್ತಾರಂತೆ. ನಮ್ಮ ಮನೆಗೆ ಬಂದವರೆಲ್ಲ ‘ಎಷ್ಟು ಚೆಂದ ಐತೆ, ಬಳೆ ಪೆಟ್ಟಿಗೆ ಹಂಗೆ’ ಅಂದರು. ಕೊಟ್ಟದ್ದು ನಾನೂರಿಪ್ಪತ್ತು ಡಾಲರ್, ಸುಮಾರು 35,000 ರೂಪಾಯಿ. ಲೆಕ್ಕ ಕೇಳಿದ ನನ್ನ ಹೆಂಡತಿ ಡಾಲರೂ ಹಿಡಿಯಲಿಲ್ಲ, ರೂಪಾಯಿಯೂ ಹಿಡಿಯಲಿಲ್ಲ. ‘ನಾಕು ಕ್ವಿಂಟಾಲ್ ಮೇಲಾಯ್ತಲ್ರೀ’ ಅಂದಳು. ಆ ವರ್ಷ ಕೊಬ್ಬರಿ ನೆಲಕಚ್ಚಿತ್ತು. ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750; ತಿಪಟೂರು ಮಾರುಕಟ್ಟೆಯ ಟೆಂಡರಿನಲ್ಲಿ ಎಂಟು ಸಾವಿರದ ಆಸುಪಾಸು. ನ್ಯಾಫೆಡ್ ಖರೀದಿಗೆ ನೋಂದಾಯಿಸಲು ಜನ ಸಾಲಿನಲ್ಲಿ ನಿಂತರು. ಅಂಥ ಹೊತ್ತಿನಲ್ಲಿ ನಾಲ್ಕು ಕ್ವಿಂಟಾಲು ತೊಡೆಯ ಮೇಲಿಟ್ಟುಕೊಂಡು ಕೂತವನ ಮುಖದಲ್ಲಿ ಸ್ವಲ್ಪ ಅಪರಾಧಿ ಭಾವ ಇರಲೇಬೇಕಲ್ಲ.

ಎರಡೇ ವರ್ಷ. 2025ರಲ್ಲಿ ಕೊಬ್ಬರಿ 20,000 ದಾಟಿ ಮೇಲಕ್ಕೆ ಹೋಯಿತು. ಮರದಲ್ಲಿ ಕಾಯಿ ಇದ್ದರೆ ತಾನೆ ಅಗ್ಗವಾಗುವುದು? ಮಳೆ ಕೈಕೊಟ್ಟ ವರ್ಷಗಳು, ಗರಿಯ ಅಡಿ ಕೂತ ಬಿಳಿನೊಣ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ. ಇದರ ಮೇಲೆ ಬಂದಷ್ಟು ಕಾಯನ್ನು ಎಳನೀರಿಗೇ ಇಳಿಸಿ ದುಡ್ಡು ಮಾಡಿಕೊಂಡವರೂ ಬಹಳ. ಅಟ್ಟ ಕಂಡ ಕಾಯಿ ಕಡಿಮೆ. ‘ಈಗ ತರ್ಸಿದ್ರೆ ನಿಮ್ ಗಿಟುಕು ಎರಡು ಕ್ವಿಂಟಲಿನೊಳಗೇ ಬರ್ತಿತ್ತು’ ಅಂತ ಅವಳ ಹೊಸ ಲೆಕ್ಕ. ಗಿಟಾರಿನ ಡಾಲರು ಬೆಲೆ ಕದಲಿರಲಿಲ್ಲ; ನಮ್ಮ ತಕ್ಕಡಿ ಕುಣಿದಿತ್ತು.

ಕದಲದೆ ಇರುವುದೇ ಈ ವಾದ್ಯದ ವಿಚಿತ್ರ. ಲೋಕದ ಮೊದಲ ಎಲೆಕ್ಟ್ರಿಕ್ ಗಿಟಾರು ಅಂತ ಮಾರಾಟಕ್ಕೆ ಬಂದದ್ದೇ ಸ್ಟೀಲ್ ಗಿಟಾರು. ಜಾರ್ಜ್ ಬೋಷಾಂಪ್ ಎಂಬಾತ 1931ರಲ್ಲಿ ರೂಪಿಸಿದ್ದು, ರಿಕನ್‌ಬ್ಯಾಕರ್ ಕಂಪನಿ 1932ರಲ್ಲಿ ಮಾರಿದ್ದು. ಅಲ್ಯೂಮಿನಿಯಂ ಎರಕ, ಗುಂಡಗಿನ ಮೈ, ಉದ್ದ ಹಿಡಿ. ಬಾಣಲೆ ಅಂತಲೇ ಅದರ ಅಡ್ಡಹೆಸರು. ತಂತಿಗಳ ಮೇಲೆ ಎರಡು ಲಾಳಾಕಾರದ ಅಯಸ್ಕಾಂತ ಕಮಾನು ಕಟ್ಟಿರುತ್ತವೆ. ಪೇಟೆಂಟು ಸಿಗುವ ಹೊತ್ತಿಗೆ 1937. ಆ ಕಾಲದಲ್ಲಿ ಹವಾಯಿಯ ಹುಚ್ಚು ಎಷ್ಟಿತ್ತೆಂದರೆ ಕ್ಲೀವ್‌ಲ್ಯಾಂಡಿನ ಓಆಹು ಎಂಬ ಕಂಪನಿ ಪಾಠದ ಪುಸ್ತಕವನ್ನೂ ಕಲಿಯುವವರ ಗಿಟಾರನ್ನೂ ಮಕ್ಕಳಿಗೆ ಊರೂರಲ್ಲಿ ಮಾರಿತು. ಆಮೇಲೆ ರಾಕ್ ಅಂಡ್ ರೋಲ್ ಬಂತು. ಹುಡುಗರು ಎದ್ದು ನಿಂತು ಕುಣಿಯುತ್ತಾ ನುಡಿಸುವ ಗಿಟಾರು ಕೇಳಿದರು. ಕೂತು ತೊಡೆಯ ಮೇಲಿಟ್ಟು ತಲೆಬಗ್ಗಿಸಿ ನುಡಿಸುವವನನ್ನು ಯಾವ ಹುಡುಗಿ ನೋಡುತ್ತಾಳೆ? ಲಕ್ಷೋಪಲಕ್ಷ ಲ್ಯಾಪ್ ಸ್ಟೀಲುಗಳು ಅಲ್ಲಿನ ಅಟ್ಟಗಳಿಗೆ ಹತ್ತಿದವು. ಅಟ್ಟ ಹತ್ತುವುದು ನಮ್ಮಲ್ಲಿ ಮಾತ್ರ ಬೆಲೆ ಬರಲಿ ಅಂತ.

ಪರಿಣಾಮ ನೋಡಿ. ಐವತ್ತರ ದಶಕದ ಆರಂಭದ ಫೆಂಡರ್ ಟೆಲಿಕಾಸ್ಟರ್, ಅಂದರೆ ನಿಂತು ನುಡಿಸುವ ಬಗೆಯ ಗಿಟಾರು, ಕೊಳ್ಳಬೇಕಾದರೆ ಇವತ್ತು ಇಪ್ಪತ್ತು ಸಾವಿರ ಡಾಲರಿಗೂ ಮೇಲೆ ಎಣಿಸಬೇಕು. ಅದೇ ಕಂಪನಿ ಅದೇ ಕಾಲದಲ್ಲಿ ಮಾಡಿದ ಚಾಂಪಿಯನ್ ಎಂಬ ಲ್ಯಾಪ್ ಸ್ಟೀಲು ಸಾವಿರ ಡಾಲರಿನ ಆಚೀಚೆ ಸಿಗುತ್ತದೆ. ತಮಾಷೆಯೆಂದರೆ ಟೆಲಿಕಾಸ್ಟರಿನ ಆ ಹೆಸರಾಂತ ಪಿಕಪ್ಪು, ಅಂದರೆ ತಂತಿಯ ನಡುಕವನ್ನು ಕರೆಂಟಿಗೆ ಇಳಿಸುವ ಕಾಯಿಲ್ಲು, ಹುಟ್ಟಿದ್ದೇ ಚಾಂಪಿಯನ್ನಿನಿಂದ. ಮಗನಿಗೆ ಅರಮನೆ, ಅಪ್ಪನಿಗೆ ಜಗಲಿ. ಹಳೆಯ ಗಿಟಾರುಗಳನ್ನು ಕೊಬ್ಬರಿ ದಾಸ್ತಾನು ಮಾಡಿದ ಹಾಗೆ ಕೂಡಿಹಾಕಿದವರು ಅಲ್ಲಿ ಬೇಕಾದಷ್ಟು ಜನ. 2008ರ ಕುಸಿತದಲ್ಲಿ ಅವರಿಗೆಲ್ಲ ಚೆನ್ನಾಗಿ ಪೆಟ್ಟು ಬಿತ್ತು. ಲ್ಯಾಪ್ ಸ್ಟೀಲಿನವರಿಗೆ ಬೀಳಲು ಎತ್ತರವೇ ಇರಲಿಲ್ಲ. ಪೆಡಲ್ ಸ್ಟೀಲ್ ಎಂಬ ದೊಡ್ಡಣ್ಣನ ಕಥೆ ಬೇರೆ. ಅದಕ್ಕೆ ಕಾಲಲ್ಲೂ ಮಂಡಿಯಲ್ಲೂ ಕೆಲಸ, ನನ್ನ ಮಂಡಿ ಒಪ್ಪುವುದಿಲ್ಲ.

ರುಚಿ ತಿರುಗಲು ಒಬ್ಬ ವಾದಕ ಸಾಕು. ಹರ್ಮನ್ ವೈಸೆನ್‌ಬೋರ್ನ್ ಎಂಬ ಲಾಸ್ ಏಂಜಲೀಸಿನ ಕಸುಬುದಾರ ಮಾಡಿದ ಮರದ ಹವಾಯಿಯನ್ ಗಿಟಾರುಗಳನ್ನು ಮೂಸುವವರಿರಲಿಲ್ಲ; ಡೇವಿಡ್ ಲಿಂಡ್ಲಿ, ಆಮೇಲೆ ಬೆನ್ ಹಾರ್ಪರ್ ತೊಡೆಗೆ ಹಾಕಿಕೊಂಡ ಮೇಲೆ ಬೆಲೆ ಎಲ್ಲಿಗೋ ಹೋಯಿತು. ನಮ್ಮಲ್ಲಿ ಬ್ರಿಜ್‌ಭೂಷಣ್ ಕಾಬ್ರಾ 1967ರ ‘ಕಾಲ್ ಆಫ್ ದಿ ವ್ಯಾಲಿ’ ಎಂಬ ಆಲ್ಬಮ್ಮಿನಲ್ಲಿ ಗಿಟಾರಿಗೆ ರಾಗದ ಗದ್ದುಗೆ ಕೊಡಿಸಿದರು. ವಿಶ್ವಮೋಹನ ಭಟ್ಟರು ರೈ ಕೂಡರ್ ಜೊತೆ ನುಡಿಸಿದ ಆಲ್ಬಮ್ಮಿಗೆ 1994ರಲ್ಲಿ ಗ್ರ್ಯಾಮಿ ಬಂತು. ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆ ಎಂಬವರು ಗಿಟಾರಿನಲ್ಲಿ ಹಿಂದೂಸ್ತಾನಿ ನುಡಿಸುತ್ತಾರೆ. ಆದರೆ ಕಲಿಯಬಂದ ಹುಡುಗರು ಕೇಳಿದ್ದು ತರಪಿನ ತಂತಿಗಳ, ಭಟ್ಟರ ಮೋಹನವೀಣೆಯ ಬಗೆಯದನ್ನು. ಸಿನಿಮಾ ಹಾಡಿನ ಕರೆಂಟು ಗಿಟಾರು ಹಾಗೆಯೇ ಅಟ್ಟದಲ್ಲಿ ಉಳಿಯಿತು. ಇದು ಅನ್ಯಾಯ ಅಂತ ಮೊದಲು ಕುದಿಯುತ್ತಿದ್ದೆ. ಈಗ ಅಷ್ಟಿಲ್ಲ. ಬೆಲೆ ಏರಿದ ಗಿಟಾರುಗಳು ಗಾಜಿನ ಬೀರು ಸೇರುತ್ತವೆ. ನನ್ನಂಥ ಎಂಟೆಕರೆಯವನ ಕೈಗೆ ಎಪ್ಪತ್ತು ವರ್ಷದ ವಾದ್ಯ ಸಿಕ್ಕಿದ್ದು ಅದಕ್ಕೆ ರೇಟಿಲ್ಲದ್ದರಿಂದಲೇ.

ರೇಟಿಲ್ಲದ್ದಕ್ಕೆ ಬೇರೆ ಗಂಡಾಂತರವಿದೆ. ಅದೇ ರೈ ಕೂಡರ್ ತನ್ನ ಫೆಂಡರ್ ಗಿಟಾರಿಗೆ ಹಳೆಯ ವಾಲ್ಕೋ ಲ್ಯಾಪ್ ಸ್ಟೀಲಿನ ಪಿಕಪ್ಪು ಕಿತ್ತು ಕೂರಿಸಿಕೊಂಡ. ಆ ನಾದಕ್ಕೆ ಮರುಳಾದವರೆಲ್ಲ ಅಗ್ಗದ ಲ್ಯಾಪ್ ಸ್ಟೀಲು ಕೊಂಡು ಒಳಗಿನದನ್ನು ಬಗೆದು ಉಳಿದದ್ದನ್ನು ಮೂಲೆಗೆ ಎಸೆದರು. ಎಳನೀರು ಕುಡಿದು ಬುರುಡೆ ಎಸೆದ ಹಾಗೆ.

ಹೋದ ಕಾರ್ತೀಕದಲ್ಲಿ ನನಗೂ ಅಂಥದೊಂದು ಫೋನು ಬಂತು. ಬೆಂಗಳೂರಿನ ಹುಡುಗ, ಬ್ಯಾಂಡ್ ಕಟ್ಟಿದ್ದಾನೆ. ಅಕ್ಕನ ಮಗನ ಗೆಳೆಯನ ಗೆಳೆಯ. ‘ಅಂಕಲ್, ಸುಪ್ರೊ ಬಾಡಿ ನೀವೇ ಇಟ್ಕೊಳ್ಳಿ, ಪಿಕಪ್ ಮಾತ್ರ ಕೊಡಿ. ನೀವು ಕೊಟ್ಟ ದುಡ್ಡು ಪೂರ್ತಿ ಕೊಡ್ತೀನಿ’ ಅಂದ. ಬೈಯಬೇಕು ಅನ್ನಿಸಿತು. ಬದಲಿಗೆ, ‘ಒಂದ್ಸಲ ಬಂದು ಕೇಳಿ ಹೋಗಪ್ಪ’ ಅಂದೆ.

ಭಾನುವಾರ ಮಧ್ಯಾಹ್ನ ಕೆ.ಬಿ. ಕ್ರಾಸಿನಲ್ಲಿ ಬಸ್ಸಿಳಿದು ಫೋನು ಮಾಡಿದ, ಸ್ಕೂಟರಿನಲ್ಲಿ ಕರೆತಂದೆ. ಊಟವಾಯಿತು. ಪಡಸಾಲೆಯಲ್ಲಿ ಕೂರಿಸಿ ಸುಪ್ರೊ ತೊಡೆಯ ಮೇಲಿಟ್ಟೆ. ಚುಚ್ಚಿದ ಕೂಡಲೇ ಗುಂಯ್ ಅನ್ನುವ ಸದ್ದು. ಈ ಹಳೆಯ ಕಾಯಿಲ್ಲುಗಳು ಗಾಳಿಯಲ್ಲಿರುವ ಕರೆಂಟನ್ನೆಲ್ಲ ಹೀರುತ್ತವೆ. ನಮ್ಮ ತೋಟದ ಬದಿಯಲ್ಲೇ ಟೀಸಿ, ಅಂದರೆ ಟ್ರಾನ್ಸ್‌ಫಾರ್ಮರು, ಇದೆ. ತ್ರೀ ಫೇಸ್ ಕೊಟ್ಟು ಸುತ್ತಲಿನ ಮೋಟಾರುಗಳೆಲ್ಲ ಎದ್ದರೆ ಮುಗಿಯಿತು, ಷಡ್ಜಕ್ಕೂ ಮೇಲೆ ಬೆಸ್ಕಾಂನವರದೇ ಶ್ರುತಿ. ‘ಪಶ್ಚಿಮಕ್ಕೆ ತಿರುಗಿ ಕೂತ್ಕೋ’ ಅಂದೆ. ತಿರುಗಿದ, ಗುಂಯ್ ಕಡಿಮೆಯಾಯಿತು. ಹುಡುಗ ಬೆರಗಾಗಿ ನನ್ನ ಮುಖ ನೋಡಿದ. ವಾಸ್ತು ಅಂದುಕೊಂಡನೋ ಏನೋ.

ಶಾಫ್ಟಿನ ತುಂಡು ಕೈಗೆ ಕೊಟ್ಟೆ. ಮೊದಲು ಎಲ್ಲರ ಹಾಗೆ ಗಟ್ಟಿಯಾಗಿ ಒತ್ತಿದ. ಒತ್ತಬೇಡ, ತುಂಡಿನ ಭಾರವೇ ಸಾಕು ಅಂದೆ. ಅರ್ಧ ಗಂಟೆಯ ಹೊತ್ತಿಗೆ ಒಂದು ಜಾರು ಸರಿಯಾಗಿ ಬಂದು ಗಾಂಧಾರದ ಮೇಲೆ ನಿಂತಿತು. ಅವನು ಏನೂ ಮಾತಾಡಲಿಲ್ಲ. ಅದನ್ನೇ ಇನ್ನೊಂದು ಸಲ ಮಾಡಿದ. ಆಮೇಲೆ ಮತ್ತೊಂದು ಸಲ. ಹೆಂಡತಿ ಕಾಫಿ ತಂದಿಟ್ಟದ್ದು ಆರಿಹೋಯಿತು. ಐದೂವರೆಯ ಬಸ್ಸು ತಪ್ಪಿತು.

ಪಿಕಪ್ಪಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸ್ಕೂಟರು ಹತ್ತುವಾಗ, ‘ಅಂಕಲ್, ಈ ರಾಡ್ ಎಲ್ಲಿ ಸಿಗುತ್ತೆ?’ ಅಂತ ಕೇಳಿದ. ಚಿಕ್ಕಪ್ಪನ ಗಿಟಾರು ತೋರಿಸಿ, ‘ಇದನ್ನ ಆರು ತಿಂಗಳು ಇಟ್ಕೊಂಡಿರು, ವಾಪಸ್ಸು ತರಬೇಕು’ ಅಂದೆ. ಗೋಣಿಚೀಲ ಈಗಿಲ್ಲ, ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟೆವು. ಶಾಫ್ಟಿನ ತುಂಡನ್ನೂ ಅವನ ಜೇಬಿಗೆ ಹಾಕಿದೆ.

ಮರುದಿನ ಲೇತ್ ಅಂಗಡಿಗೆ ಹೋದೆ. ಅಪ್ಪ ತೀರಿಕೊಂಡ ಮೇಲೆ ಮಗ ಕೂರುತ್ತಾನೆ. ಅಂಥದೇ ಇನ್ನೊಂದು ತುಂಡು ಬೇಕು ಅಂದೆ.

‘ಮಾಡಾಣ ಸಾರ್. ಮುನ್ನೂರು ಆಯ್ತದೆ.’

‘ನಿಮ್ಮಪ್ಪ ಅರವತ್ತಕ್ಕೆ ಮಾಡಿಕೊಟ್ಟಿದ್ರಲ್ಲೋ!’

ಅವನು ಕೈಯ ಗ್ರೀಸು ಒರಸಿಕೊಳ್ಳುತ್ತಾ ನಕ್ಕ. ‘ಕೊಬ್ಬರಿ ರೇಟು ನೋಡಿಲ್ವಾ ಸಾರ್?’